ಇಲ್ಲದ ಎರಡು ಮಹಡಿಗಳ ಚಳಿ

ಮಾರ್ಚ್ ತಿಂಗಳ ಎರಡನೆಯ ಭಾನುವಾರ, ಬೆಳಿಗ್ಗೆ ಐದೂ ಮುಕ್ಕಾಲು. ಮಾಲೂರಿನ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಸುಶೀಲ, ಮತ್ತು ನನ್ನ ಮೇಜಿನ ಮೇಲೆ ಒಂದು ಇಟ್ಟಿಗೆ.

ತಪ್ಪು ನನ್ನದು. ಇಟ್ಟಿಗೆಯದಲ್ಲ, ಅದನ್ನು ಸುಟ್ಟ ನನ್ನ ಗೆಳೆಯ ಮುನಿಶಾಮಪ್ಪನದಲ್ಲ, ಲಾರಿಯಲ್ಲಿ ಅದನ್ನು ಕೋಲಾರಕ್ಕೆ ಸಾಗಿಸಿದ ಅವನ ಬಾಮೈದ ನಾರಾಯಣಪ್ಪನದಂತೂ ಅಲ್ಲವೇ ಅಲ್ಲ. ಕೋಲಾರದ ಸರಸ್ವತಮ್ಮನವರ ಸೀರೆ ಮಳಿಗೆಯಲ್ಲಿ ನಾಲ್ಕು ವರ್ಷಗಳಿಂದ, ಏಪ್ರಿಲ್ ತಿಂಗಳ ಬಿಸಿಲಿನಲ್ಲೂ, ಒಳಗೆ ಹೋದವರು ಹಲ್ಲು ಕಟಕಟಿಸುತ್ತ ಹೊರಗೆ ಬರುತ್ತಿದ್ದರೆ ಅದಕ್ಕೆ ಕಾರಣ ನಾನು — ನಾನೊಬ್ಬನೇ. ಅದು ನನಗೆ ಮೊದಲ ವಾರದಲ್ಲೇ ಗೊತ್ತಾಗಿತ್ತು. ಹೇಳಲಿಲ್ಲ.

ಇಷ್ಟನ್ನು ನಾನು ಹೆಂಡತಿಯ ಮುಂದೆ ಜೋರಾಗಿ ಹೇಳಿದ್ದು ಇವತ್ತೇ ಮೊದಲು. ಅವಳು ಕಾಫಿ ಲೋಟವನ್ನು ಇಟ್ಟಿಗೆಯ ಪಕ್ಕದಲ್ಲಿಟ್ಟಳು.

"ನಂಗೊತ್ತಿತ್ತು."

"ಹೇಗೆ?"

"ನಾಲ್ಕು ವರ್ಷದಿಂದ ದಿನಾ ಆ ಇಟ್ಟಿಗೇನ ಒರೆಸ್ತೀರ. ದೇವರ ಪಟದ ಮೇಲೆ ಧೂಳಿದೆ, ಇಟ್ಟಿಗೆ ಮೇಲಿಲ್ಲ. ಮನಸ್ಸು ನೆಟ್ಟಗಿರೋ ಗಂಡಸು ಇಟ್ಟಿಗೆ ಯಾಕ್ರೀ ಒರೆಸ್ತಾನೆ?"

ಕಾಫಿ ಕುಡಿದೆ.

"ಒಂಬತ್ತು ಗಂಟೆಗೆ ಇಟ್ಟಿಗೆ ಗೂಡಿನ ಹತ್ರ ನಾರಾಯಣಪ್ಪನ ಪ್ರಮಾಣ," ಎಂದಳು. "ಸಾಕ್ಷಿಗೆ ಕರೆದಿರೋದು ಯಾರನ್ನ?"

"ನನ್ನನ್ನ."

"ಚೆನ್ನಾಗಿದೆ," ಎಂದು ಒಳಗೆ ಹೋದಳು.

ನನ್ನ ಬಗ್ಗೆ ಸ್ವಲ್ಪ ಹೇಳಬೇಕು — ನೆಪಕ್ಕಲ್ಲ. ತಪ್ಪು ಎಲ್ಲಿ ಹುಟ್ಟಿತು ಎಂಬುದು ನಿಮಗೆ ತಿಳಿಯಬೇಕು, ಅಷ್ಟೇ. ಹದಿನೆಂಟನೆಯ ವಯಸ್ಸಿಗೆ ನಾನು ಸೈನ್ಯದ ವರ್ಕ್‌ಶಾಪ್ ಸೇರಿದೆ. ಶೀತಲ ಉಗ್ರಾಣಗಳ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಅಲ್ಲಿ ಎಲ್ಲವೂ ಎರಡು ಸಲ. ನಟ್ಟನ್ನು ಒಮ್ಮೆ ಬಿಗಿ ಮಾಡಿದವನು ಹತ್ತು ನಿಮಿಷ ಬಿಟ್ಟು ಬಂದು ಮತ್ತೊಮ್ಮೆ ಬಿಗಿ ಮಾಡಬೇಕು. ಮಾಪಕವನ್ನು ಎರಡು ಸಲ ಓದಬೇಕು. ಎರಡು ಪುಸ್ತಕದಲ್ಲಿ ಸಹಿ. ಸೈನ್ಯ ಬಿಟ್ಟು ಪಾಲಿಟೆಕ್ನಿಕ್ ಮೇಷ್ಟ್ರಾದ ಮೇಲೂ ಈ ಎರಡು ನನ್ನನ್ನು ಬಿಡಲಿಲ್ಲ. ಹಾಜರಿ ಎರಡು ಸಲ ಕೂಗುತ್ತಿದ್ದೆ; ಮೊದಲನೆಯದಕ್ಕೆ ಬಂದು ಎರಡನೆಯದರೊಳಗೆ ಜಾರಿಕೊಂಡವರನ್ನು ಹಿಡಿಯುವುದಕ್ಕೆ. ಮನೆಯ ಬೀಗವನ್ನು ಎರಡು ಸಲ ಜಗ್ಗುತ್ತೇನೆ. ಗ್ಯಾಸಿನ ತಿರುಗಣೆ ಎರಡು ಸಲ ನೋಡುತ್ತಿದ್ದೆ. ಒಮ್ಮೆ ಹೀಗೆ ಎರಡನೆಯ ಸಲ ನೋಡುವಾಗ ಆರಿಸಿದ್ದ ಗ್ಯಾಸನ್ನು ತೆರೆದಿಟ್ಟು ವಾಕಿಂಗ್ ಹೋಗಿದ್ದೆ. ಸುಶೀಲ ಅದನ್ನು ಇವತ್ತಿನವರೆಗೂ ಬಂದವರಿಗೆಲ್ಲ ಹೇಳುತ್ತಾಳೆ. ಆ ಘಟನೆಯಿಂದ ನಾನು ಪಾಠ ಕಲಿಯಬಹುದಿತ್ತು — ಕಲಿಯಲಿಲ್ಲ. ಆಮೇಲೆ ಮೂರು ಸಲ ನೋಡತೊಡಗಿದೆ.

ನಿವೃತ್ತನಾದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿ ಶೈಲಜಾ ತನ್ನ ಕಚೇರಿಗೆ ಕರೆದಳು. ಮಾಲೂರಿನಲ್ಲೇ, ಔಷಧಿ ಅಂಗಡಿಯ ಮೇಲಿನ ಎರಡು ಕೋಣೆ. ಅಲ್ಲಿ ಮಾಡುವುದು ವಿಚಿತ್ರವಾದ ಕೆಲಸ: ಕಟ್ಟಡ ಕಟ್ಟುವುದಕ್ಕೆ ಮೊದಲೇ ಅದನ್ನು ಕಂಪ್ಯೂಟರಿನೊಳಗೆ ಕಟ್ಟುತ್ತಾರೆ. ಗೋಡೆ ಎಷ್ಟು ದಪ್ಪ, ಇಟ್ಟಿಗೆ ಎಂಥದು, ಕಿಟಕಿ ಯಾವ ದಿಕ್ಕಿಗೆ, ಒಳಗೆ ಎಷ್ಟು ಜನ, ಎಷ್ಟು ದೀಪ, ಎಲ್ಲವನ್ನೂ ತುಂಬಿ, ಒಂದು ವರ್ಷದ ಬಿಸಿಲು ಮಳೆ ಗಾಳಿಯನ್ನು ಅದರ ಮೇಲೆ ಹಾಯಿಸುತ್ತಾರೆ. ಕೊನೆಗೆ ಆ ಕಟ್ಟಡಕ್ಕೆ ಎಷ್ಟು ದೊಡ್ಡ ಎ.ಸಿ. ಬೇಕು, ವರ್ಷಕ್ಕೆ ಎಷ್ಟು ಕರೆಂಟ್ ತಿನ್ನುತ್ತದೆ ಎಂಬುದು ಹೊರಬರುತ್ತದೆ. ಅರವತ್ತೈದು ದಾಟಿದ ಮೇಲೆ ಈ ವಿದ್ಯೆ ಕಲಿತೆ. ಹೆಮ್ಮೆಪಟ್ಟೆ — ಸ್ವಲ್ಪ ಹೆಚ್ಚೇ.

ಆಗ ಬಂದದ್ದು ಸರಸ್ವತಮ್ಮನವರ ಮಳಿಗೆ. ನಾಲ್ಕು ಅಂತಸ್ತು. ಕೆಳಗಿನದು ಬೇರೆ, ಏಕೆಂದರೆ ಅದರ ಕಾಲು ನೆಲಕ್ಕೆ ತಾಗಿದೆ ಮತ್ತು ಬಾಗಿಲು ದಿನವಿಡೀ ತೆರೆದು ಮುಚ್ಚುತ್ತದೆ. ಮೇಲಿನದು ಬೇರೆ, ಏಕೆಂದರೆ ಅದರ ತಲೆಯ ಮೇಲೆ ಬಿಸಿಲು. ನಡುವಿನ ಎರಡು ಮಾತ್ರ ಅವಳಿಜವಳಿ: ಅದೇ ಅಳತೆ, ಅದೇ ಕಿಟಕಿ, ಅದೇ ಹಾಸಿಗೆ, ಅದೇ ಸೀರೆ. ಇಂಥ ಕಡೆ ಎರಡನ್ನೂ ಬರೆಯುವ ಅಗತ್ಯವಿಲ್ಲ. ಒಂದನ್ನು ಬರೆದು ಪಕ್ಕದ ಖಾಲಿ ಚೌಕದಲ್ಲಿ "2" ಎಂದು ತುಂಬಿದರೆ ಸಾಕು, ಕಂಪ್ಯೂಟರ್ ತಾನೇ ಇಮ್ಮಡಿ ಮಾಡಿಕೊಳ್ಳುತ್ತದೆ. ಎಲ್ಲವನ್ನೂ ಎರಡು ಸಲ ಮಾಡುವ ನನ್ನಂಥವನಿಗೆ ಇದಕ್ಕಿಂತ ಸುಖದ ಯಂತ್ರ ಇನ್ನೊಂದಿಲ್ಲ ಅನ್ನಿಸಿತ್ತು.

ಮೊದಲ ದಿನ ಅಂತಸ್ತಿನ ಪುಟದಲ್ಲಿ 2 ತುಂಬಿದೆ. ಮಾರನೆಯ ದಿನ ಗಾಳಿ ಕೊಡುವ ಯಂತ್ರದ ಪುಟ. ಅಲ್ಲೂ ಒಂದು ಖಾಲಿ ಚೌಕ: ಇಂಥವು ಎಷ್ಟು? ಅಂತಸ್ತು ಎರಡಾದರೆ ಯಂತ್ರವೂ ಎರಡಲ್ಲವೇ — ಬಿಗಿ ಮಾಡಿದ ನಟ್ಟನ್ನು ಮತ್ತೊಮ್ಮೆ ಬಿಗಿ ಮಾಡುವವನ ಹಾಗೆ ಅಲ್ಲೂ 2 ತುಂಬಿದೆ. ಅಂತಸ್ತಿನ ಪುಟದಲ್ಲಿ ಹಾಕಿದ ಎರಡು ಯಂತ್ರದವರೆಗೆ ತಾನೇ ನಡೆದುಕೊಂಡು ಹೋಗುತ್ತದೆ ಎಂದು ಕೈಪಿಡಿಯಲ್ಲಿ ಬರೆದಿದೆ. ಆ ಪುಟವನ್ನು ನಾನು ಓದಿದ್ದೇನೆ, ಎರಡು ಸಲ. ಆದರೆ ಆಮೇಲೆ.

ಎರಡೆರಡಲ ನಾಲ್ಕು. ಕೆಳಗಿನದೊಂದು, ಮೇಲಿನದೊಂದು ಸೇರಿದರೆ ಆರು. ನಾಲ್ಕು ಅಂತಸ್ತಿನ ಮಳಿಗೆಗೆ ಆರು ಅಂತಸ್ತಿನ ಎ.ಸಿ. ಬರೆದುಕೊಟ್ಟೆ. ಶೈಲಜಾ ಸಹಿ ಹಾಕುವ ಮುಂಚೆ ಒಂದೇ ಒಂದು ಮಾತು ಹೇಳಿದಳು: "ಮೇಷ್ಟ್ರು ನೋಡಿದಾರೆ ಅಂದ್ರೆ ಎರಡು ಸಲ ನೋಡಿರ್ತಾರೆ." ಪುಟ ತಿರುವದೆ ಸಹಿ ಹಾಕಿದಳು. ಮಳಿಗೆಯ ತಾರಸಿಯ ಮೇಲೆ ಮೂರು ಕಂಪ್ರೆಸರ್ ಕೂತವು. ಯಂತ್ರದ ಕೋಣೆಯ ಬಾಗಿಲಿಗೆ ನನ್ನ ಕೈಬರಹದ ಹಾಳೆ: "ಮೂರೂ ಸದಾ ಒಟ್ಟಿಗೆ ಓಡತಕ್ಕದ್ದು. ಯಾರೂ ತಮ್ಮ ಬುದ್ಧಿ ಉಪಯೋಗಿಸಬಾರದು." ಕೆಳಗೆ ಸಹಿ. ಅದರ ಕೆಳಗೆ ಇನ್ನೊಂದು ಸಹಿ, ಅದೂ ನನ್ನದೇ.

ಮಳಿಗೆ ತೆರೆದ ವಾರದಲ್ಲೇ ಗೋಳು ಶುರುವಾಯಿತು. ಯಂತ್ರ ಗುಡುಗಿಕೊಂಡು ಎದ್ದು ಏಳೆಂಟು ನಿಮಿಷದಲ್ಲಿ ಮಂಜು ಸುರಿದ ಹಾಗೆ ಮಾಡಿ ನಿಲ್ಲುವುದು, ಸೆಕೆ ಇಳಿದರೂ ಗಾಳಿಯ ತೇವ ಹಾಗೇ ಉಳಿದು ರೇಷ್ಮೆ ಸೀರೆಗಳ ಮಡಿಕೆ ಒದ್ದೆ ಒದ್ದೆ, ಮತ್ತೆ ಗುಡುಗು. ಮಾರುವ ಹೆಣ್ಣುಮಕ್ಕಳು ಕಿವಿಗೆ ಮಫ್ಲರ್ ಸುತ್ತಿಕೊಂಡು "ಇದು ಧರ್ಮಾವರಂ, ಇದು ಕಂಚಿ" ಎಂದು ನಡುಗುವ ಕೈಯಲ್ಲಿ ಸೆರಗು ಬಿಡಿಸುತ್ತಿದ್ದರು. ಶ್ರೀನಿವಾಸಪುರದಿಂದ ಮದುವೆ ಸೀರೆಗೆಂದು ಬಂದ ಒಂದು ದೊಡ್ಡ ಗುಂಪು ಹತ್ತೇ ನಿಮಿಷದಲ್ಲಿ ಹುಡುಗಿಗೆ ಸಿಕ್ಕಿದ ಸೀರೆ ಒಪ್ಪಿಸಿ ಬಿಸಿಲಿಗೆ ಓಡಿತಂತೆ. ಮೆಟ್ಟಿಲ ಬಳಿ ಸರಸ್ವತಮ್ಮನವರು ಸ್ವೆಟರ್ ಇಡಿಸಿದರು. ಅವು ಖರ್ಚಾದವು. ಆದರೂ ಅವರು ಸಿಟ್ಟಾದರು.

ಸಭೆ ಕರೆದರು. ಅವರು, ಶೈಲಜಾ, ನಾನು, ಇಟ್ಟಿಗೆ ಕೊಟ್ಟ ಮುನಿಶಾಮಪ್ಪ. ಸರಸ್ವತಮ್ಮ ಶಾಲು ಹೊದ್ದು ಕೂತಿದ್ದರು.

"ಏನ್ರೀ ಮೇಷ್ಟ್ರೇ, ನಾನು ಕಟ್ಟಿಸಿದ್ದು ಸೀರೆ ಅಂಗಡೀನೋ, ಐಸ್ ಫ್ಯಾಕ್ಟರೀನೋ?"

ಎಲ್ಲರೂ ನನ್ನ ಕಡೆ ನೋಡಿದರು. ಆ ಕ್ಷಣದಲ್ಲಿ ನನಗೆ ತಪ್ಪು ಎಲ್ಲಿದೆ ಎಂದು ಗೊತ್ತಿರಲಿಲ್ಲ — ಇದು ನಿಜ. ಆದರೆ ತಪ್ಪು ನನ್ನದಾಗಿರಬಹುದು ಎಂಬ ಯೋಚನೆ ಒಂದು ಸಲವೂ ಬರಲಿಲ್ಲ, ಅದೂ ನಿಜ. ಎರಡು ಸಲ ನೋಡಿದವನಿಗೆ ಅಂಥ ಯೋಚನೆ ಹೇಗೆ ಬಂದೀತು? ಕಂಪ್ಯೂಟರಿನೊಳಗಿನ ಕಟ್ಟಡ ಬಿಸಿ, ಹೊರಗಿನ ಕಟ್ಟಡ ತಣ್ಣಗೆ. ಹಾಗಾದರೆ ಎರಡರ ಗೋಡೆಯೂ ಒಂದೇ ಅಲ್ಲ. ಎದ್ದು ನಿಂತು ಹೇಳಿದೆ:

"ಲೆಕ್ಕ ಸರಿಯಿದೆ. ಇಟ್ಟಿಗೆ ಬೇರೆ."

ನಾಲ್ಕು ಪದ. ನೀವು ಮಾಲೂರಿನವರಲ್ಲದಿದ್ದರೆ ಅದರ ಭಾರ ನಿಮಗೆ ತಿಳಿಯಲಿಕ್ಕಿಲ್ಲ. ಇಲ್ಲಿ ಇಟ್ಟಿಗೆ ಗೂಡಿನವನಿಗೆ "ನೀನು ತೋರಿಸಿದ್ದು ಒಂದು, ಕಳಿಸಿದ್ದು ಇನ್ನೊಂದು" ಎನ್ನುವುದು, ಗಂಡಸಿಗೆ ನಾಲ್ಕು ಜನರ ಮುಂದೆ ಕಳ್ಳ ಎಂದ ಹಾಗೆ. ಮುನಿಶಾಮಪ್ಪ ಎದ್ದು ನಿಂತ.

"ಕೆಟ್ಟಿರೋ ಇಟ್ಟಿಗೇನಾ ಮೇಷ್ಟ್ರೇ?"

"ಇಲ್ಲ. ಸೆಕೆ ಒಳಗೆ ಬಿಡುತ್ತಿಲ್ಲ. ಮಾದರಿಗಿಂತ ಒಳ್ಳೆಯದು."

"ಒಳ್ಳೆ ಇಟ್ಟಿಗೆ ಕೊಟ್ಟಿದ್ದಕ್ಕೆ ಬೈಸ್ಕೊಂಡೋನು ಮಾಲೂರಲ್ಲಿ ನಾನೊಬ್ನೇ ಇರ್ಬೇಕು," ಎಂದ. ಯಾರೋ ನಕ್ಕರು. ಅವನು ನಗಲಿಲ್ಲ.

ನಾನೇ ಹೇಳಿ ಹಿಂಗೋಡೆಯಿಂದ ಒಂದು ಇಟ್ಟಿಗೆ ತೆಗೆಸಿದೆ. ಆ ಗೋಡೆಗೆ ಗಾರೆ ಬಳಿದಿರಲಿಲ್ಲ, ಬಿಡಿಸುವುದು ಸುಲಭವಾಯಿತು. ಅದನ್ನು ಪರೀಕ್ಷೆಗೆ ಕಳಿಸಿದೆ.

ಸಭೆಯ ಮಾರನೆಯ ಬೆಳಿಗ್ಗೆ ಏಳು ಗಂಟೆಗೆ, ನಿಯಮದ ಪ್ರಕಾರ, ಎಲ್ಲ ಪುಟಗಳನ್ನು ಮತ್ತೆ ತೆರೆದೆ. ಹನ್ನೆರಡನೆಯ ನಿಮಿಷಕ್ಕೆ ಸಿಕ್ಕಿತು. ಅಲ್ಲೊಂದು 2. ಇಲ್ಲೊಂದು 2. ಕೊಳದ ದಡದಲ್ಲಿ ಕೂತ ಎರಡು ಬಾತುಕೋಳಿಗಳಂತೆ, ತಣ್ಣಗೆ, ನನ್ನನ್ನೇ ನೋಡುತ್ತ. ಒಂದನ್ನು 1 ಮಾಡಿ ಮತ್ತೆ ಓಡಿಸಿದೆ. ಮೂರು ಕಂಪ್ರೆಸರ್‌ನಲ್ಲಿ ಒಂದು ದಂಡ ಎಂದು ಬಂತು. ಆಗಲೇ ಫೋನು ಎತ್ತಿದ್ದರೆ... ಎತ್ತಿದೆ. ಕೈಯಲ್ಲಿ ಹಿಡಿದುಕೊಂಡಿದ್ದೆ. ಎಷ್ಟು ಹೊತ್ತು ಎಂದು ಮಾತ್ರ ಬರೆದಿಟ್ಟಿಲ್ಲ. ನನ್ನ ಬದುಕಿನಲ್ಲಿ ಹೊತ್ತು ಬರೆದಿಡದ ಕೆಲಸ ಅದೊಂದೇ.

ವರದಿ ಹತ್ತು ದಿನಕ್ಕೆ ಬಂತು: ಇಟ್ಟಿಗೆ ಮಾದರಿಯದೇ, ತೂಕದಲ್ಲೂ ಗುಣದಲ್ಲೂ. ಅದನ್ನು ಕಡತದೊಳಗೆ ಹಾಕಿದೆ, ಮರಳಿ ಬಂದ ಇಟ್ಟಿಗೆಯನ್ನು ಮನೆಯ ಮೇಜಿನ ಮೇಲೆ ಇಟ್ಟುಕೊಂಡೆ. ಮುನಿಶಾಮಪ್ಪ ಬೆಳಗಿನ ನಡಿಗೆಯಲ್ಲಿ ಕೇಳಿದ: "ವರದಿ ಬಂತಾ ಮೇಷ್ಟ್ರೇ?" ನಾವಿಬ್ಬರೂ ಭಾನುವಾರ ಬಿಟ್ಟು ದಿನಾ ಐದೂವರೆಗೆ ರೈಲು ನಿಲ್ದಾಣದ ತನಕ ಹೋಗಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುವವರ ಗಾಡಿ ಹೊರಟ ಮೇಲೆ ಹಿಂದಿರುಗುತ್ತೇವೆ.

"ಬಂತು," ಎಂದೆ. "ಅದರಲ್ಲಿ ಏನೂ ಸ್ಪಷ್ಟವಾಗಿಲ್ಲ."

ತಪ್ಪು ಲೆಕ್ಕ ಒಂದು. ಈ ಮಾತು ಇನ್ನೊಂದು. ಮೊದಲನೆಯದು ಕೈತಪ್ಪು, ಎರಡನೆಯದಕ್ಕೆ — ಅದಕ್ಕೆ ಬೇರೆ ಹೆಸರಿದೆ, ನೀವೇ ಇಟ್ಟುಕೊಳ್ಳಿ.

ಆಮೇಲೆ ನಡೆದದ್ದನ್ನು ನಾನು ಯೋಚಿಸಿರಲಿಲ್ಲ. ಮುನಿಶಾಮಪ್ಪ ತನ್ನ ಇಟ್ಟಿಗೆಯ ಮೇಲೆ ನಂಬಿಕೆ ಕಳೆದುಕೊಳ್ಳಲಿಲ್ಲ, ನನ್ನ ಮೇಲೂ ಕಳೆದುಕೊಳ್ಳಲಿಲ್ಲ. ಎರಡೂ ಸರಿಯಾದರೆ ತಪ್ಪು ನಡುದಾರಿಯಲ್ಲಿ ನಡೆದಿರಬೇಕು. ಗೂಡಿನಿಂದ ಕೋಲಾರಕ್ಕೆ ಲೋಡು ಒಯ್ದವನು ನಾರಾಯಣಪ್ಪ, ಹೆಂಡತಿ ಲಕ್ಷ್ಮಮ್ಮನ ತಮ್ಮ. "ನನ್ನ ಇಟ್ಟಿಗೆ ಎಲ್ಲಿ ಇಳಿಸಿ, ಯಾರ ಇಟ್ಟಿಗೆ ಹೇರ್ಕೊಂಡು ಹೋದೆ?" ಎಂದು ಕೇಳಿದ. ನಾರಾಯಣಪ್ಪ ಲಾರಿಯ ಕೀಲಿಯನ್ನು ಗೂಡಿನ ಮುಂದೆ ಬೂದಿಯಲ್ಲಿ ಎಸೆದು ಯಲ್ದೂರಿನ ತನ್ನ ಮಾವಿನ ತೋಟಕ್ಕೆ ಹೊರಟುಹೋದ. ನಾಲ್ಕು ಯುಗಾದಿ ಬಂದು ಹೋದವು, ಅಕ್ಕ ತಮ್ಮ ಒಟ್ಟಿಗೆ ಉಣ್ಣಲಿಲ್ಲ. ಯಲ್ದೂರಿನಿಂದ ವರ್ಷವರ್ಷ ಬರುತ್ತಿದ್ದ ಮಾವಿನ ಹಣ್ಣಿನ ಮಂಕರಿ ನಿಂತಿತು. ಅದರಲ್ಲಿ ನನ್ನ ಪಾಲೂ ಇತ್ತು. ನಿಂತಾಗ ಕಾರಣ ಕೇಳುವ ಮುಖ ನನಗಿರಲಿಲ್ಲ.

ಮುನಿಶಾಮಪ್ಪನಿಗೆ ಮಾತ್ರ ಆ ಇಟ್ಟಿಗೆ ತಲೆಯಿಂದ ಇಳಿಯಲಿಲ್ಲ. ಪ್ರತಿ ಸುಡುವಿಕೆಯಿಂದ ಒಂದೊಂದು ಇಟ್ಟಿಗೆ ಮನೆಗೆ ತಂದು, ಸುಣ್ಣದಲ್ಲಿ ಗುರುತು ಹಾಕಿ ಅಟ್ಟದ ಮೇಲೆ ಇಡತೊಡಗಿದ. ಅಟ್ಟ ಬಗ್ಗಿತು ಎಂದು ಲಕ್ಷ್ಮಮ್ಮ ಬೈದರು. ನಡಿಗೆಯಲ್ಲಿ ದಿನಾ ಅದೇ ಮಾತು. ನಾನು ಪಕ್ಕದಲ್ಲಿ, ಕೈಬೀಸಿ, ಹೆಜ್ಜೆ ತಪ್ಪದೆ.

ಈ ವರ್ಷ ಸರಸ್ವತಮ್ಮ ಮುಳಬಾಗಿಲಿನಲ್ಲಿ ಆರು ಮಹಡಿಯ ಎರಡನೆಯ ಮಳಿಗೆ ಕಟ್ಟಿಸಲು ಹೊರಟರು. ಇಟ್ಟಿಗೆಯೇ ಬೇಡ, ಸಿಮೆಂಟ್ ಬ್ಲಾಕ್ ಸಾಕು ಎಂದರಂತೆ. ಆ ಸುದ್ದಿ ಮುನಿಶಾಮಪ್ಪನನ್ನು ಇರಿಯಿತು. ಬಾಮೈದನಿಗೆ ಹೇಳಿಕಳಿಸಿದ: ಗೂಡಿನ ಹತ್ತಿರದ ಮುನೇಶ್ವರನ ಮುಂದೆ ಕರ್ಪೂರ ಆರಿಸಿ ಪ್ರಮಾಣ ಮಾಡು, ಮುಗಿದುಹೋಗಲಿ. ಶನಿವಾರ ನಡಿಗೆಯಲ್ಲಿ ನನಗೆ ಹೇಳಿದ: "ನೀವೂ ಬರ್ಬೇಕು. ನಿಮ್ಮಂಗೆ ಒಂದ್ ಕೂದಲೆಳೆ ಆ ಕಡೆ ಈ ಕಡೆ ಹೋಗ್ದಿರೋ ಮನುಷ್ಯ ಇನ್ನೊಬ್ಬನಿಲ್ಲ. ಸಾಕ್ಷಿ ನೀವೇ."

ಈಗ ಈ ಭಾನುವಾರಕ್ಕೆ ಬರುತ್ತೇನೆ. ಎಂಟು ಗಂಟೆ ಐವತ್ತು ನಿಮಿಷಕ್ಕೆ ಗೂಡಿನ ಬಳಿ ಇದ್ದೆ. ಕೈಚೀಲದಲ್ಲಿ ಆ ಇಟ್ಟಿಗೆ, ವರದಿ, ಎರಡು ಪುಟಗಳ ಪ್ರತಿ. ಬೇವಿನ ಮರದ ಬುಡದಲ್ಲಿ ಮುನೇಶ್ವರ, ಶಿವಾರಪಟ್ಟಣದವರು ಕಡೆದ ಕರಿಕಲ್ಲಿನ ಮೂರ್ತಿ, ಮೀಸೆ ದೊಡ್ಡದು. ಮುನಿಶಾಮಪ್ಪ ಒಂದು ಕಡೆ, ನಾರಾಯಣಪ್ಪ ಇನ್ನೊಂದು ಕಡೆ, ಲಕ್ಷ್ಮಮ್ಮ ನಡುವೆ ತಟ್ಟೆ ಹಿಡಿದು.

"ಏಮಯ್ಯಾ ಮೇಷ್ಟ್ರೇ, ಚೆನ್ನಾಗಿದೀರಾ?" ಎಂದ ನಾರಾಯಣಪ್ಪ. ಯಲ್ದೂರಿನ ಕಡೆಯ ತೆಲುಗು ಅವನ ನಾಲಿಗೆಯಲ್ಲಿ ಹಾಗೇ ಇತ್ತು. "ನೋಡಿ, ನಾನ್ ಹೊತ್ಕೊಂಡ್ ಹೋಗಿದ್ದು ಇಟ್ಟಿಗೆ. ಹೊತ್ಕೊಂಡ್ ಬಂದಿದ್ದು ಕಳ್ಳ ಅನ್ನೋ ಹೆಸರು."

"ಮಾತು ಸಾಕು. ಹಚ್ಚು," ಎಂದ ಮುನಿಶಾಮಪ್ಪ.

ಕರ್ಪೂರ ಹೊತ್ತಿತು. ಕ್ರಮ ಹೀಗೆ: ಪ್ರಮಾಣ ಮಾಡುವವನು ಮಾತು ಹೇಳಿ, ಅಂಗೈಯಿಂದ ಉರಿಯನ್ನು ಒತ್ತಿ ಆರಿಸಬೇಕು. ನಾರಾಯಣಪ್ಪ ಅಂಗಿಯ ತೋಳು ಮಡಚಿದ. ನಾನು ಚೀಲ ಕೆಳಗಿಟ್ಟು, ಎರಡು ಹೆಜ್ಜೆ ಮುಂದೆ ಬಂದು, ನನ್ನ ಅಂಗೈಯನ್ನು ಕರ್ಪೂರದ ಮೇಲೆ ಒತ್ತಿದೆ.

"ಲೆಕ್ಕ ತಪ್ಪು," ಎಂದೆ. "ಇಟ್ಟಿಗೆ ಅದೇ."

ಸುಟ್ಟಿತು. ಕೈ ತೆಗೆದೆ. ಕರ್ಪೂರ ಪೂರ್ತಿ ಆರಿರಲಿಲ್ಲ, ಭಗ್ಗನೆ ಮತ್ತೆ ಎದ್ದಿತು. ಏನು ಮಾಡಲಿ — ಇನ್ನೊಂದು ಸಲ ಒತ್ತಿದೆ.

"ಅಯ್ಯಯ್ಯೋ ಮೇಷ್ಟ್ರೇ, ನಿಮ್ಮದಲ್ಲ, ಅವನದು ಪ್ರಮಾಣ!" ಎಂದರು ಲಕ್ಷ್ಮಮ್ಮ.

"ನನ್ನದೇ ತಾಯಿ."

ಹೇಳಿದೆ. ಎಲ್ಲ. ಕಂಪ್ಯೂಟರ್ ಎಂದರೆ ಅವರಿಗೆ ತಿಳಿಯಲಿಲ್ಲ. ಆಗ ಗೂಡಿನ ರಾಶಿಯಿಂದ ಇಟ್ಟಿಗೆ ತೆಗೆದು ನೆಲದ ಮೇಲೆ ಒಂದರ ಮೇಲೊಂದು ನಾಲ್ಕು ಇಟ್ಟೆ. ಇದು ಮಳಿಗೆ. ನಡುವಿನ ಈ ಎರಡು ಒಂದೇ ಥರ, ಆದ್ದರಿಂದ ಒಂದನ್ನೇ ಬರೆದು "ಎರಡು" ಎಂದು ಹೇಳಿದೆ. ಅದು ಸರಿ. ಆಮೇಲೆ ಎ.ಸಿ.ಗೂ "ನೀನೂ ಎರಡು" ಎಂದೆ. ಹಾಗೆಂದು ಇನ್ನೆರಡು ಇಟ್ಟಿಗೆಯನ್ನು ನಡುವೆ ತುರುಕಿದೆ. ಆರಾಯಿತು.

ನಾರಾಯಣಪ್ಪ ಕುಕ್ಕರುಗಾಲಲ್ಲಿ ಕೂತು ಎಣಿಸಿದ. "ಅಂದ್ರೆ ಇಲ್ದೇ ಇರೋ ಎರಡು ಮಾಡೀಗೆ ಚಳಿ ಕೊಟ್ರಾ?"

"ಹೌದು."

"ಮಾಡೀನೇ ಇಲ್ವಲ್ಲ! ಆ ಚಳಿ ಎಲ್ಲಿಗೋಯ್ತು?"

"ಇರುವ ನಾಲ್ಕರಲ್ಲೇ ತುಂಬಿಕೊಂಡಿತು."

"ನಾಲ್ಕರಲ್ಲೇ ಎಲ್ಲಿ," ಎಂದರು ಲಕ್ಷ್ಮಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. "ನಮ್ಮನೇಗೂ ಬಂದಿತ್ತು."

ಮುನಿಶಾಮಪ್ಪ ನಾನು ತಂದ ಇಟ್ಟಿಗೆಯನ್ನು ಎತ್ತಿ, ತಿರುಗಿಸಿ, ಬೆರಳ ಗಿಣ್ಣಿನಿಂದ ತಟ್ಟಿ ಕಿವಿಗಿಟ್ಟ. ಗಂಟೆಯಂತೆ ಸದ್ದಾಯಿತು. ತನ್ನದೇ ಎಂದು ತಿಳಿಯಲು ಅವನಿಗೆ ವರದಿ ಬೇಕಿರಲಿಲ್ಲ. ಒಂದು ಸಲ ತಟ್ಟಿ ನೋಡಲು ನಾನು ಕೊಟ್ಟಿದ್ದರೆ ಸಾಕಿತ್ತು. ನಾಲ್ಕು ವರ್ಷ ಅದನ್ನು ಮನೆಯಲ್ಲಿಟ್ಟು ಒರೆಸಿದೆ — ಅವನ ಕೈಗೆ ಕೊಡಲಿಲ್ಲ.

"ಲೇ," ಎಂದ.

ಮೂವತ್ತು ವರ್ಷದ ಗೆಳೆತನದಲ್ಲಿ ಅವನು ನನ್ನನ್ನು ಹಾಗೆ ಕರೆದಿರಲಿಲ್ಲ.

"ದಿನಾ ಬೆಳಿಗ್ಗೆ ನನ್ ಪಕ್ಕ ನಡ್ದೆ ಕಣ್ಲಾ. ದಿನಕ್ಕೊಂದು ಗಂಟೆ. ನಿಂಗೆ ಎಲ್ಲಾದಕ್ಕೂ ಟೈಮ್ ಐತೆ. ಪೇಪರ್‌ಗೆ ಟೈಮ್, ಸ್ನಾನಕ್ಕೆ ಟೈಮ್, ಮೊಳಕೆಕಾಳಿಗೆ ಟೈಮ್. ಈ ಒಂದ್ ಮಾತಿಗೆ..." ಅಷ್ಟಕ್ಕೇ ನಿಲ್ಲಿಸಿದ.

ನಾರಾಯಣಪ್ಪನ ಕಡೆ ತಿರುಗಿದ. ನಾರಾಯಣಪ್ಪ ಕೂತಲ್ಲಿಂದಲೇ, "ಸರ್ಲೇ ಬಾವ, ಹೋಗ್ಲಿ ಬಿಡಿ. ಮೊದ್ಲು ಹೊಟ್ಟೆಗೇನಾದ್ರೂ ಹಾಕಿ. ಪ್ರಮಾಣ ಅಂತ ಬೆಳಿಗ್ಗೆಯಿಂದ ಉಪವಾಸ ಇದೀನಿ," ಎಂದ. ಲಕ್ಷ್ಮಮ್ಮ ನನ್ನ ಅಂಗೈಗೆ ಬೆಣ್ಣೆ ಹಚ್ಚಿದರು, ಊಟಕ್ಕೆ ಕರೆಯಲಿಲ್ಲ. ಗೂಡಿನ ಚಪ್ಪರದಲ್ಲಿ ಮೂವರೂ ಉಂಡರು. ಮುದ್ದೆ, ಬಸ್ಸಾರು. ನಾನು ಬೇವಿನ ಕೆಳಗೆ ಮುನೇಶ್ವರನ ಜೊತೆ ಕೂತಿದ್ದೆ. ಅದು ಸರಿಯಾದ ಸ್ಥಳ ಅನ್ನಿಸಿತು.

ಹನ್ನೊಂದೂ ಹತ್ತಕ್ಕೆ ಶೈಲಜಾಗೆ ಫೋನು ಮಾಡಿದೆ. ಎಲ್ಲ ಹೇಳಿದೆ. "ಸರ್, ನಾನೂ ನೋಡ್ದೇನೇ ಸಹಿ ಹಾಕಿದೀನಿ," ಎಂದಳು. ನಿನ್ನದನ್ನು ನನ್ನದರ ಜೊತೆ ಸೇರಿಸಬೇಡ ಎಂದೆ. "ಸರಿ ಸರ್. ಹಾಗಾದ್ರೆ ಮುಳಬಾಗಿಲಿನ ಮಳಿಗೆ ನೀವೇ ಬರೀರಿ. ಆದ್ರೆ ಒಂದನ್ನ ಬರೆದು ಗುಣಿಸೋ ಹಾಗಿಲ್ಲ. ಆರು ಮಹಡೀನೂ ಒಂದೊಂದಾಗಿ ಬರೀಬೇಕು. ಮುಗಿದ್ಮೇಲೆ ನಾನು ನೋಡ್ತೀನಿ. ಎರಡು ಸಲ." ನಾನು ಕಲಿಸಿದ ಹುಡುಗಿ. ಶಿಕ್ಷೆ ಕೊಡುವುದನ್ನೂ ನನ್ನಿಂದಲೇ ಕಲಿತಿದ್ದಾಳೆ.

ಮಧ್ಯಾಹ್ನ ಇಟ್ಟಿಗೆ ಲಾರಿಯಲ್ಲಿ ಕೋಲಾರಕ್ಕೆ ಹೊರಟೆವು. ನಾರಾಯಣಪ್ಪ ಚಕ್ರ ಹಿಡಿದ. ನಾಲ್ಕು ವರ್ಷದ ಮೇಲೆ ಅದೇ ಕೀಲಿ. ಮುನಿಶಾಮಪ್ಪ ಅವನ ಪಕ್ಕ. ನನಗೆ ಹಿಂದೆ, ಇಟ್ಟಿಗೆಯ ಜೊತೆ ಜಾಗ ಕೊಟ್ಟರು.

ಸರಸ್ವತಮ್ಮನವರ ಮುಂದೆ ನಿಂತು ಅದೇ ಮಾತು ನಾಲ್ಕನೆಯ ಬಾರಿ ಹೇಳಿದೆ. ಹೇಳುತ್ತ ಹೋದ ಹಾಗೆ ಮಾತು ಸಲೀಸಾಗುತ್ತದೆ, ಅದೇ ಭಯ. ಅವರು ಶಾಲನ್ನು ಬಿಗಿಯಾಗಿ ಎಳೆದುಕೊಂಡು ಕೇಳಿದರು.

"ಅಯ್ಯೋ ದೇವುಡಾ! ಮೂರರಲ್ಲಿ ಒಂದನ್ನ ನಿಲ್ಲಿಸಿದ್ರೆ ಸಾಕಿತ್ತಾ?"

"ಸಾಕಿತ್ತು."

"ಯಂತ್ರ ನೋಡ್ಕೊಳ್ಳೋ ಹುಸೇನ್ ಸಾಬಿ ಮೊದಲ ತಿಂಗಳೇ ಹೇಳ್ದ, ಒಂದನ್ನ ಆರಿಸಿ ನೋಡ್ತೀನಮ್ಮ ಅಂತ. ಯಾರೂ ಬುದ್ಧಿ ಉಪಯೋಗಿಸಬಾರದು ಅಂತ ನೀವು ಬರೆದು ಅಂಟಿಸಿದೀರಲ್ಲ, ನಾನೇ ಬೈದು ಕಳಿಸ್ದೆ."

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಇನ್ನೂ ಎಷ್ಟು ಜನರನ್ನು ಈ ಹಾಳೆ... ಮೇಲೆ ಹೋದೆ. ಹುಸೇನ್ ಸಾಬರು, ನನ್ನ ವಯಸ್ಸಿನವರೇ, ಯಂತ್ರದ ಕೋಣೆಯ ಮುಂದೆ ಸ್ಟೂಲಿನ ಮೇಲೆ ಕೂತಿದ್ದರು. ಹೇಳಿದೆ. ಅವರು ಎದ್ದು ಒಂದು ಸ್ವಿಚ್ಚು ಇಳಿಸಿದರು. ಗುಡುಗು ಕಡಿಮೆಯಾಗಿ ಹಿತವಾದ ಸದ್ದು ಉಳಿಯಿತು. "ಇಷ್ಟೇ ಸಾಬ್," ಎಂದರು. ನನ್ನ ಹಾಳೆಯನ್ನು ನಾನೇ ಕಿತ್ತೆ. ಅದರ ಜಾಗದಲ್ಲಿ ಇನ್ನೊಂದು ಬರೆದು ಅಂಟಿಸಿದೆ: ಇಲ್ಲಿಯ ಚಳಿಗೆ ನನ್ನ ತಪ್ಪು ಲೆಕ್ಕವೇ ಕಾರಣ, ಇಟ್ಟಿಗೆಯಲ್ಲ, ಯಂತ್ರ ಹುಸೇನ್ ಸಾಬರು ಹೇಳಿದಂತೆ ಓಡಲಿ. ಒಂದೇ ಸಹಿ. ಸರಸ್ವತಮ್ಮ ಇನ್ನೊಂದು ಪ್ರತಿ ಬರೆಸಿ, ಗಿರಾಕಿಗಳಿಗೆ ಕಾಣುವಂತೆ ಸ್ವೆಟರಿನ ಸಾಲಿನ ಮೇಲೆ ಅಂಟಿಸಿದರು.

ಮುಳಬಾಗಿಲಿಗೆ ಇಟ್ಟಿಗೆ ಯಾವುದು ಎಂದು ಅವರು ಹೇಳಲಿಲ್ಲ. ಮುನಿಶಾಮಪ್ಪ ಕೇಳಲಿಲ್ಲ. ನಾನು ಕೇಳಬಾರದಾಗಿತ್ತು, ಕೇಳಿದೆ. "ನೀವು ಸುಮ್ನಿರ್ರೀ," ಎಂದರು.

ಒಂದು ಕೆಲಸ ಉಳಿದಿತ್ತು. ಹಿಂಗೋಡೆಯಲ್ಲಿ ನಾನು ತೆಗೆಸಿದ ಇಟ್ಟಿಗೆಯ ತೂತು ಹಾಗೇ ಇತ್ತು. ಕಾವಲುಗಾರ ಅದರಲ್ಲಿ ಬೀಡಿಕಟ್ಟು, ಬಾಚಣಿಗೆ, ಒಂದು ಕನ್ನಡಿ ಇಟ್ಟುಕೊಂಡು ಅಚ್ಚುಕಟ್ಟಾದ ಗೂಡು ಮಾಡಿಕೊಂಡಿದ್ದ. ಖಾಲಿ ಮಾಡುವಾಗ ಅವನೂ ನನ್ನ ಮೇಲೆ ಮುನಿಸಿಕೊಂಡ. ನಾರಾಯಣಪ್ಪ ಗಾರೆ ಕಲಸಿಕೊಟ್ಟ. ಇಟ್ಟಿಗೆಯನ್ನು ನೀರಲ್ಲಿ ಅದ್ದಿ, ಸುಟ್ಟ ಕೈಯಿಂದಲೇ ಜಾಗಕ್ಕೆ ತಳ್ಳಿದೆ. ಮುನಿಶಾಮಪ್ಪ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಎದ್ದು ಬಂದು ತಲೆ ವಾರೆ ಮಾಡಿ ಒಂದು ಕಣ್ಣು ಮುಚ್ಚಿದ.

"ಓರೆ ಐತೆ. ತೆಗಿ."

ತೆಗೆದೆ. ಗಾರೆ ಕೆರೆದೆ, ಮತ್ತೆ ಹಚ್ಚಿದೆ, ಮತ್ತೆ ಇಟ್ಟೆ. ಕರಣೆಯ ಹಿಡಿಯಿಂದ ನಾಲ್ಕು ಮೂಲೆಗೂ ತಟ್ಟಿದೆ. ಅವನು ಮತ್ತೆ ನೋಡಿದ. ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಹೋಗಿ ಲಾರಿ ಹತ್ತಿದ.

ನಾಳೆ ಐದೂವರೆಗೆ ನಡಿಗೆಗೆ ಬರುತ್ತಾನೋ ಇಲ್ಲವೋ, ಗೊತ್ತಿಲ್ಲ. ನಾನು ಹೋಗಿ ನಿಲ್ಲುತ್ತೇನೆ. ಕೇಳುವ ಹಕ್ಕು ನನಗಿಲ್ಲ, ಕಾಯುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಸಂದುಗಳಿಗೆ ಗಾರೆ ತುಂಬಿ, ಒದ್ದೆ ಗೋಣಿಯಿಂದ ಇಟ್ಟಿಗೆಯ ಮುಖ ಒರೆಸಿದೆ. ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಗೋಡೆ ಮುಗಿಯಿತು.